ಚರ್ಚಿನ ಕಪಟವನ್ನು ಚರ್ಚಿನವರೇ ಹಾಡುವ ರಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಕುಂಬಳೆವರೆಗಿನ ಚರ್ಚ್ ಅಂಗಳಗಳಲ್ಲಿ, ಮಂಗಳೂರಿಗೆ ಹೋಗುವ ಬೆಳಗ್ಗಿನ ರೈಲಿನಲ್ಲಿ, ಫೆಸ್ತಿನ (ಚರ್ಚಿನ ಹಬ್ಬದ) ಊಟದ ಸಾಲಿನಲ್ಲಿ ಜನ ನನ್ನನ್ನು ಕೇಳಿದ ಪ್ರಶ್ನೆಗಳಿವು. ಕೆಲವು ಕಾಗದದಲ್ಲಿ ಬಂದವು. ಒಂದೆರಡು ಬೈಗುಳದ ರೂಪದಲ್ಲಿ ಬಂದವು, ಅದನ್ನೂ ಪ್ರಶ್ನೆ ಅಂತಲೇ ಇಟ್ಟುಕೊಂಡಿದ್ದೇನೆ. ನಾನು ಪಂಡಿತನಲ್ಲ. ಹದಿನಾರು ವರ್ಷ ಕೊಯರ್‌ನಲ್ಲಿ, ಅಂದರೆ ಚರ್ಚಿನ ಹಾಡುವ ತಂಡದಲ್ಲಿ, ಗಿಟಾರ್ ಬಾರಿಸಿದವನು, ಅಷ್ಟೆ.

## ಮೊದಲ ಮೆಟ್ಟಿಲು

ಕ್ರಿಶ್ಚಿಯನ್ ರಾಕ್ ಅಂದ್ರೆ ಏನು? ಚರ್ಚಲ್ಲಿ ಗಿಟಾರ್ ಬಾರಿಸಿದ್ರೆ ಅದೇ ತಾನೆ?

ಅಲ್ಲ. ಪೂಜೆಯ ಹೊತ್ತಲ್ಲಿ ಗಿಟಾರಿನ ಮೂರು ಸ್ವರಗುಚ್ಛ (ಕಾರ್ಡ್) ಹಿಡಿದು ಭಕ್ತಿಗೀತೆ ಹಾಡಿದರೆ ಅದು ಭಕ್ತಿಗೀತೆಯೇ. ಕ್ರಿಶ್ಚಿಯನ್ ರಾಕ್ ಅಂದರೆ ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್, ಬೇಸ್ ಇಟ್ಟುಕೊಂಡು ರಾಕ್ ಬ್ಯಾಂಡಿನ ಹಾಗೇ ನುಡಿಸುತ್ತಾ, ಕ್ರೈಸ್ತ ನಂಬಿಕೆಯ ಒಳಗಿನಿಂದ ಮಾತಾಡುವ ಹಾಡು. ಹೆಚ್ಚಿನವು ಯೇಸುವನ್ನು ಸ್ತುತಿಸುವ ಹಾಡುಗಳೇ. ಅದರೊಳಗೆ ಒಂದು ಸಣ್ಣ ಕವಲು, ಯೇಸುವಿನ ಹೆಸರು ಹೇಳಿಕೊಂಡು ಬೇರೇನೋ ಮಾಡುವ ನಮ್ಮಂಥವರನ್ನು ಹಿಡಿದು ಕೇಳುತ್ತದೆ. ಈ ಪುಟ ಆ ಕವಲಿನ ಬಗ್ಗೆ.

ಇದು ಶುರುವಾಗಿದ್ದು ಎಲ್ಲಿ, ಯಾರಿಂದ?

ಅಮೆರಿಕದಲ್ಲಿ, 1960ರ ದಶಕದ ಕೊನೆಗೆ. ಹಿಪ್ಪಿಗಳಾಗಿ ತಿರುಗುತ್ತಿದ್ದ ಸಾವಿರಾರು ಯುವಕರು ಯೇಸುವಿನ ಕಡೆ ಬಂದರು, ಆದರೆ ಉದ್ದ ಕೂದಲು ಮತ್ತು ಗಿಟಾರ್ ಬಿಟ್ಟು ಬರಲಿಲ್ಲ. ಅವರಲ್ಲಿ ಲ್ಯಾರಿ ನಾರ್ಮನ್ ಮುಖ್ಯ. 1969ರಲ್ಲಿ ಕ್ಯಾಪಿಟಲ್ ಕಂಪನಿಯಿಂದ ಬಂದ ಅವರ ‘ಅಪಾನ್ ದಿಸ್ ರಾಕ್’ ಆಲ್ಬಮ್ಮನ್ನು ಈ ಬಗೆಯ ಮೊದಲ ಆಲ್ಬಮ್‌ಗಳಲ್ಲಿ ಒಂದು ಅಂತ ಎಣಿಸುತ್ತಾರೆ. 1972ರ ‘ಓನ್ಲಿ ವಿಸಿಟಿಂಗ್ ದಿಸ್ ಪ್ಲಾನೆಟ್’ ಇನ್ನೂ ಖಾರ. ಅದರ ಒಂದು ಹಾಡಿನಲ್ಲಿ ಚಂದ್ರನಲ್ಲಿಗೆ ಹೋದ ದುಡ್ಡು, ಬಡವರ ಹಸಿವು, ಕರಿಯರ ಮೇಲಿನ ಹಿಂಸೆ ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಈ ಆಲ್ಬಮ್ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಟ್ಟುಕೊಳ್ಳುವ ಧ್ವನಿಮುದ್ರಣಗಳ 2013ರ ಪಟ್ಟಿಗೆ ಸೇರಿತು. ಕ್ರೈಸ್ತ ಅಂಗಡಿಗಳು ಅವರ ರೆಕಾರ್ಡ್ ಇಡಲು ಹಿಂದೆಮುಂದೆ ನೋಡುತ್ತಿದ್ದ ಕಾಲವೂ ಇತ್ತು.

ದೇವರನ್ನು ಹೊಗಳೋದು ಬಿಟ್ಟು ಚರ್ಚನ್ನೇ ಬೈಯೋದು ಯಾಕೆ?

ಇದು ನನಗೆ ಅತಿ ಹೆಚ್ಚು ಬಂದ ಪ್ರಶ್ನೆ. ಉತ್ತರಕ್ಕೆ ರಾಕ್‌ವರೆಗೂ ಹೋಗಬೇಕಿಲ್ಲ, ಬೈಬಲ್ ಸಾಕು. ಹಳೆ ಒಡಂಬಡಿಕೆಯ ಆಮೋಸನ 5ನೇ ಅಧ್ಯಾಯ ತೆಗೆಯಿರಿ. ಅಲ್ಲಿ ದೇವರೇ ಹೇಳುತ್ತಾರೆ: ನಿಮ್ಮ ಹಬ್ಬಗಳು ನನಗೆ ಬೇಡ, ನಿಮ್ಮ ಹಾಡಿನ ಗದ್ದಲ ನನ್ನಿಂದ ದೂರ ಇಡಿ, ನ್ಯಾಯ ಹೊಳೆಯ ಹಾಗೆ ಹರಿಯಲಿ. ಮತ್ತಾಯನ 23ನೇ ಅಧ್ಯಾಯದಲ್ಲಿ ಯೇಸು ಧರ್ಮಗುರುಗಳನ್ನು ಸುಣ್ಣ ಬಳಿದ ಸಮಾಧಿಗೆ ಹೋಲಿಸುತ್ತಾರೆ. ಹೊರಗೆ ಬೆಳ್ಳಗೆ, ಒಳಗೆ ಎಲುಬು. ಇಷ್ಟು ಕಟುವಾಗಿ ಯಾವ ರಾಕ್ ಬ್ಯಾಂಡೂ ಬರೆದದ್ದು ನಾನು ಕೇಳಿಲ್ಲ.

ಕನ್ನಡ ಬೈಬಲ್‌ನಲ್ಲಿ ‘ಕಪಟಿಗಳು’ ಅಂತ ಇರುವಲ್ಲಿ ಮೂಲ ಗ್ರೀಕ್‌ನಲ್ಲಿರುವ ಪದ ‘ಹುಪೊಕ್ರಿತೇಸ್’. ನಾಟಕದ ವೇಷಧಾರಿ ಅಂತ ಅದರ ಅರ್ಥ. ಪಾರ್ತಿಸುಬ್ಬನ ಊರಾದ ಕುಂಬಳೆಯ ಹತ್ತಿರದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಯಕ್ಷಗಾನದ ವೇಷಧಾರಿ ಬೆಳಗಾದ ಮೇಲೆ ಚೌಕಿಗೆ ಹೋಗಿ ಬಣ್ಣ ತೆಗೆಯುತ್ತಾನೆ. ಯೇಸು ಬೈದದ್ದು ಬಣ್ಣ ತೆಗೆಯದೇ ಮನೆಗೆ ಹೋಗುವವರನ್ನು.

ಹಾಗಾದ್ರೆ ಇದು ನಾಸ್ತಿಕರ ಹಾಡಿಗಿಂತ ಹೇಗೆ ಬೇರೆ?

ನಾಸ್ತಿಕ ಹೊರಗೆ ನಿಂತು ಮನೆಗೆ ಕಲ್ಲು ಬಿಸಾಡಬಹುದು. ಇವರು ಅದೇ ಮನೆಯ ಮಕ್ಕಳು, ಮಾಡು ಸೋರುತ್ತಿದೆ ಅಂತ ಕೂಗುತ್ತಿದ್ದಾರೆ. ಭಾನುವಾರ ಅದೇ ಬೆಂಚಿನಲ್ಲಿ ಕೂರುವವರೂ ಅವರೇ.

## ಹಾಡು ಮತ್ತು ಹಾಡಿದವರು

ಎಲ್ಲಿಂದ ಕೇಳೋಕೆ ಶುರು ಮಾಡ್ಲಿ? ನಾಲ್ಕೈದು ಹೇಳಿ ಸಾಕು.

ಕೀತ್ ಗ್ರೀನ್‌ನಿಂದ ಶುರು ಮಾಡಿ. ಹುಟ್ಟಿದ್ದು 1953. ಗಿಟಾರಿಗಿಂತ ಪಿಯಾನೋ ಜಾಸ್ತಿ, ಹಾಗಾಗಿ ರಾಕ್ ಅಲ್ಲ ಅಂತ ಜಗಳ ಮಾಡುವವರಿದ್ದಾರೆ. ಆದರೆ ಪಿಯಾನೋವನ್ನು ಆತ ಕುಟ್ಟುವ ರೀತಿ ಕೇಳಿದರೆ ಆ ಜಗಳ ಮರೆತುಹೋಗುತ್ತದೆ. 1978ರ ‘ನೋ ಕಾಂಪ್ರಮೈಸ್’ ಆಲ್ಬಮ್‌ನಲ್ಲಿ ‘ಅಸ್ಲೀಪ್ ಇನ್ ದ ಲೈಟ್’ ಅಂತ ಒಂದು ಹಾಡಿದೆ. ಬೆಳಕಿದ್ದೂ ನಿದ್ದೆ ಹೋದ ಚರ್ಚಿನ ಬಗ್ಗೆ. ಮೆಲ್ಲಗೆ ಶುರುವಾಗಿ ಕೊನೆಗೆ ಅಂಗಲಾಚುವ ಮಟ್ಟಕ್ಕೆ ಏರುತ್ತದೆ. ಮೊದಲ ಸಲ ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಎರಡನೇ ಸಲ ನಾಚಿಕೆ ಆಯಿತು.

ಆತನನ್ನು ನಾನು ಮೊದಲು ಹೇಳುವುದಕ್ಕೆ ಇನ್ನೊಂದು ಕಾರಣ ದುಡ್ಡು. ಸುವಾರ್ತೆಯನ್ನು ಟಿಕೆಟ್ ಹಾಕಿ ಮಾರಬಾರದು ಅಂತ ಹೇಳಿದರು, ಹೇಳಿದ ಹಾಗೆ ನಡೆದರು. ಮನೆ ಅಡವಿಟ್ಟು ಸ್ವಂತ ಆಲ್ಬಮ್ ಮಾಡಿದರು. 1980ರ ಆ ಆಲ್ಬಮ್‌ಗೆ ಬೆಲೆಯೇ ಇರಲಿಲ್ಲ, ಕೈಲಾದಷ್ಟು ಕೊಡಿ ಅಂದರು. ಅದರ ಒಂದು ಹಾಡಿಗೆ ಹಾರ್ಮೋನಿಕಾ ಬಾರಿಸಿದ್ದು ಬಾಬ್ ಡಿಲನ್. 1982ರ ಜುಲೈ 28ರಂದು ಟೆಕ್ಸಸ್‌ನಲ್ಲಿ ಸಣ್ಣ ವಿಮಾನವೊಂದು ಬಿದ್ದು, ಗ್ರೀನ್, ಅವರ ಇಬ್ಬರು ಮಕ್ಕಳು ಸೇರಿ ಅದರಲ್ಲಿದ್ದ 12 ಮಂದಿಯೂ ಸತ್ತರು. ಆಗ ಆತನ ವಯಸ್ಸು 28.

ಆಮೇಲೆ ಡಿಸಿ ಟಾಕ್ ತಂಡದ 1995ರ ‘ವಾಟ್ ಇಫ್ ಐ ಸ್ಟಂಬಲ್’. ಅದರ ಶುರುವಿಗೆ ಲೇಖಕ ಬ್ರೆನನ್ ಮ್ಯಾನಿಂಗ್ ಧ್ವನಿ ಬರುತ್ತದೆ. ಬಾಯಲ್ಲಿ ಯೇಸುವನ್ನು ಒಪ್ಪಿ ಬಾಗಿಲು ದಾಟಿದ ಕೂಡಲೇ ಬದುಕಿನಲ್ಲಿ ಅಲ್ಲಗಳೆಯುವ ಕ್ರೈಸ್ತರೇ ನಾಸ್ತಿಕತೆಗೆ ದೊಡ್ಡ ಕಾರಣ ಅನ್ನುವ ಮಾತು. ತಕ್ಷಣ ಹಾಡು ‘ನಾನೇ ಎಡವಿದರೆ?’ ಅಂತ ತನ್ನ ಕಡೆ ತಿರುಗುತ್ತದೆ. ಕಾಸ್ಟಿಂಗ್ ಕ್ರೌನ್ಸ್ ತಂಡದ 2005ರ ‘ಸ್ಟೇನ್ಡ್ ಗ್ಲಾಸ್ ಮಾಸ್ಕ್‌ವರೇಡ್’ ಮೆದು ಹಾಡು. ಚರ್ಚಿನಲ್ಲಿ ಎಲ್ಲರೂ ನಗುಮುಖದಲ್ಲಿದ್ದಾರೆ, ಒಳಗೆ ಒಡೆದುಹೋದವನು ನಾನೊಬ್ಬನೇನಾ ಅಂತ ಅದು ಕೇಳುತ್ತದೆ. ಸದ್ದು ಇಷ್ಟ ಇಲ್ಲದ ಅಮ್ಮಂದಿರಿಗೂ ಹಿಡಿಸಬಹುದು.

ಸ್ಟೀವ್ ಟೇಲರ್ ಹೆಸರು ಹೇಳಿದ್ರೆ ಕೆಲವರು ಯಾಕೆ ಹೌಹಾರ್ತಾರೆ?

ಅಮೆರಿಕದ ಈ ಕ್ರಿಶ್ಚಿಯನ್ ರಾಕ್ ಗಾಯಕ ನಗಿಸುತ್ತಾ ಚುಚ್ಚುವವನು. 1983ರಲ್ಲಿ ಬಂದ ‘ಐ ವಾಂಟ್ ಟು ಬಿ ಎ ಕ್ಲೋನ್’ ಚರ್ಚಿಗೆ ಹೋದವರೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಆಗುವುದರ ಅಣಕ. ಮರುವರ್ಷ ಅಮೆರಿಕದ ಬಾಬ್ ಜೋನ್ಸ್ ಅನ್ನುವ ಕ್ರೈಸ್ತ ವಿಶ್ವವಿದ್ಯಾಲಯದ ಬಗ್ಗೆ ಹಾಡಿದರು. ಅಲ್ಲಿ ಬಿಳಿಯರು ಕರಿಯರು ಪರಸ್ಪರ ಪ್ರೀತಿಸಿ ತಿರುಗಾಡುವುದಕ್ಕೆ ನಿಷೇಧ ಇತ್ತು, ಅದಕ್ಕೆ ಬೈಬಲ್ ಆಧಾರ ಬೇರೆ ಕೊಡುತ್ತಿದ್ದರು. ಈ ನಿಯಮದ ಕಾರಣಕ್ಕೇ 1983ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಸಂಸ್ಥೆಗೆ ತೆರಿಗೆ ವಿನಾಯಿತಿ ಇಲ್ಲ ಎಂದಿತು. ನಿಯಮ ಹೋದದ್ದು ಮಾತ್ರ 2000ದಲ್ಲಿ. ಹಾಡು ಬಂದು ಹದಿನಾರು ವರ್ಷ ಆದ ಮೇಲೆ.

1987ರಲ್ಲಿ ಆತನಿಗೇ ಪೆಟ್ಟು ಬಿತ್ತು. ಗರ್ಭಪಾತದ ಕ್ಲಿನಿಕ್‌ಗೆ ಬಾಂಬ್ ಇಡುವವರನ್ನು ಗೇಲಿ ಮಾಡಿ ‘ಐ ಬ್ಲೂ ಅಪ್ ದ ಕ್ಲಿನಿಕ್ ರಿಯಲ್ ಗುಡ್’ (ಕ್ಲಿನಿಕ್ಕನ್ನು ಚೆನ್ನಾಗಿ ಉಡಾಯಿಸಿದೆ) ಅಂತ ಒಂದು ಹಾಡು ಬರೆದರು. ಅದರಲ್ಲಿ ಮಾತಾಡುವವನು ಒಬ್ಬ ಐಸ್‌ಕ್ರೀಮ್ ಮಾರುವವನು. ಮಕ್ಕಳು ಹುಟ್ಟದಿದ್ದರೆ ಐಸ್‌ಕ್ರೀಮ್ ಯಾರು ತಿನ್ನುತ್ತಾರೆ ಅನ್ನುವುದು ಅವನ ಚಿಂತೆ! ಜನ ಗೇಲಿಯನ್ನು ಬಿಟ್ಟು ಹಾಡಿನ ಹೆಸರನ್ನಷ್ಟೇ ಓದಿದರು. ಬಾಂಬ್ ಇಡುವುದನ್ನು ಈತ ಹೊಗಳುತ್ತಿದ್ದಾನೆ ಅಂತ ಗಲಾಟೆ ಎದ್ದಿತು. ವ್ಯಂಗ್ಯ ಬರೆಯುವವರಿಗೆಲ್ಲ ಈ ಪಾಡು ಕಟ್ಟಿಟ್ಟದ್ದು.

ರಾಕ್ ಸೈತಾನನ ಸಂಗೀತ ಅಂತ ಧ್ಯಾನಕೂಟದಲ್ಲಿ ಹೇಳಿದ್ರು. ಹೌದಾ?

ಎಲೆಕ್ಟ್ರಿಕ್ ಗಿಟಾರಿನಲ್ಲಿ ರಾಕ್‌ನ ದಾರಿ ತೆರೆದವರಲ್ಲಿ ಸಿಸ್ಟರ್ ರೋಸೆಟ್ಟಾ ಥಾರ್ಪ್ ಒಬ್ಬರು. ಕರಿಯ ಹೆಂಗಸು, ಹುಟ್ಟಿದ್ದು 1915, ಬೆಳೆದದ್ದು ಪೆಂಟೆಕೋಸ್ಟಲ್ ಚರ್ಚಿನಲ್ಲಿ, ಹಾಡಿದ್ದು ಗಾಸ್ಪೆಲ್, ಅಂದರೆ ಕರಿಯರ ಚರ್ಚಿನ ಭಕ್ತಿಸಂಗೀತ. ಅಂದರೆ ರಾಕ್ ಅರ್ಧ ಹುಟ್ಟಿದ್ದೇ ಚರ್ಚಿನ ಮಡಿಲಲ್ಲಿ.

‘ಸೈತಾನ’ ಅಂದವರ ಕತೆಯನ್ನೂ ಹೇಳಬೇಕು. ಟಿವಿ ಬೋಧಕ ಜಿಮ್ಮಿ ಸ್ವಾಗರ್ಟ್ 1987ರಲ್ಲಿ ಕ್ರಿಶ್ಚಿಯನ್ ರಾಕ್ ವಿರುದ್ಧ ಒಂದು ಪುಸ್ತಕವನ್ನೇ ತಂದರು. ಕುರಿಯ ತೊಗಲು ಹೊದ್ದ ತೋಳ ಅಂದರು. ಮರುವರ್ಷ ಫೆಬ್ರವರಿಯಲ್ಲಿ ಲೈಂಗಿಕ ಹಗರಣದಲ್ಲಿ ಸಿಕ್ಕಿಬಿದ್ದು, ಕ್ಯಾಮೆರಾ ಮುಂದೆ ಅಳುತ್ತಾ ತಪ್ಪೊಪ್ಪಿಕೊಂಡರು. ರಾಕ್ ಅಂಡ್ ರೋಲ್‌ನ ಮೊದಲ ಸಾಲಿನ ಜೆರ್ರಿ ಲೀ ಲೂಯಿಸ್ ಈ ಸ್ವಾಗರ್ಟ್‌ಗೆ ಸೋದರಸಂಬಂಧಿ. ಒಂದೇ ಕುಟುಂಬ, ಒಂದೇ ಪಿಯಾನೋ, ಎರಡು ದಾರಿ.

ರಾಕ್ ಪರ ವಾದಿಸುವ ನಾವೂ ಒಂದು ತಪ್ಪು ಮಾಡುತ್ತೇವೆ. ಚರ್ಚ್ ಸುಧಾರಕ ಮಾರ್ಟಿನ್ ಲೂಥರ್ ಹೆಂಡದಂಗಡಿಯ ಧಾಟಿಗೆ ಕೀರ್ತನೆ ಬರೆದ ಅಂತ ವಾದಕ್ಕೆ ಇಳಿಯುತ್ತೇವೆ. ಅದು ದಂತಕತೆ. ಹಾಡಿನ ಒಂದು ಕಟ್ಟಿಗೆ ‘ಬಾರ್’ ಅನ್ನುವ ಹೆಸರಿದೆ, ಅದನ್ನು ಕೇಳಿ ಯಾರೋ ಹೆಂಡದಂಗಡಿ ಅಂದುಕೊಂಡರು. ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸಂಘಟನೆಯವರು ಮೋಜಿನ ಹಾಡುಗಳ ಧಾಟಿಗೆ ಭಕ್ತಿಯ ಮಾತು ಹಾಕಿದ್ದು ಮಾತ್ರ ನಿಜ. ವಾದಕ್ಕೆ ಅದು ಸಾಕು.

## ನಮ್ಮ ಊರು

ಅಮೆರಿಕದ ಗಲಾಟೆ ಕಾಸರಗೋಡಿಗೆ ಯಾಕೆ? ನಮ್ಮ ಸಂಸ್ಕೃತಿ ಅಲ್ವಲ್ಲ ಇದು.

ಗಿಟಾರ್ ನಮ್ಮದಲ್ಲ, ಒಪ್ಪಿದೆ. ಆದರೆ ಭಕ್ತಿಯ ವೇಷ ಹಾಕಿದವರನ್ನು ಹಾಡಿನಲ್ಲೇ ಹಿಡಿದು ಕೇಳುವುದು ಇಲ್ಲಿ ಹೊಸದಾ? ವಚನಕಾರರು ಮಾಡಿದ್ದೇನು? ಪುರಂದರದಾಸರ ‘ಉದರ ವೈರಾಗ್ಯ’ ಯಾರ ಬಗ್ಗೆ? ಹೊಟ್ಟೆಪಾಡಿಗೆ ಭಕ್ತಿ ತೋರಿಸುವವರ ಬಗ್ಗೆ, ಅದೂ ಸ್ವತಃ ದಾಸರೊಬ್ಬರಿಂದ. ಇನ್ನೂ ಹತ್ತಿರ ಬೇಕಾದರೆ ಪೊಟ್ಟನ್ ತೆಯ್ಯಂ ನೋಡಿ. ಕೆಂಡದ ಮೇಲೆ ಒರಗಿಕೊಂಡು ನಗುತ್ತಾ ಜಾತಿಯನ್ನು ಪ್ರಶ್ನಿಸುವ ದೈವ. ನಿಮ್ಮನ್ನು ಕಡಿದರೂ ನೆತ್ತರು, ನಮ್ಮನ್ನು ಕಡಿದರೂ ನೆತ್ತರೇ ಅಲ್ಲವಾ ಅಂತ ಅದರ ಹಾಡು. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ, ಆದರೂ ಯೇಸುವಿನ ಕೊನೆಯ ದಿನದ ಬಗ್ಗೆ ‘ಗೊಲ್ಗೊಥಾ’ ಬರೆದರು. ಅದರಲ್ಲೂ ಯೇಸುವನ್ನು ಶಿಲುಬೆಗೆ ತಳ್ಳುವವರಲ್ಲಿ ದೇವಾಲಯದ ಪುರೋಹಿತರಿದ್ದಾರೆ.

ಇಲ್ಲಿನ ಚರ್ಚ್ ಸಣ್ಣದೇನಲ್ಲ. ಬೇಳದ ದುಃಖಮಾತೆ ಚರ್ಚ್ 1890ರದ್ದು, ಗೋಥಿಕ್ ಶೈಲಿಯ ಕಟ್ಟಡ. ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರದ ಕಥೋಲಿಕರು ರಾಜ್ಯದ ಲೆಕ್ಕದಲ್ಲಿ ಕೇರಳ, ಬಿಷಪರ ಲೆಕ್ಕದಲ್ಲಿ ಮಂಗಳೂರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ತಾಲೂಕು ಕಚೇರಿಯಲ್ಲಿ ಮಲಯಾಳ. ಇಷ್ಟು ಭಾಷೆ ಇದ್ದೂ ಮದುವೆ ಮಾತುಕತೆ ಬಂದಾಗ ಬಾಮಣನಾ ಚಾರಡಿಯಾ ಅಂತ ಹಳೇ ಜಾತಿ ಕೇಳುವವರು ಈಗಲೂ ಇದ್ದಾರೆ. ಜ್ಞಾನಸ್ನಾನದಲ್ಲಿ ಎಲ್ಲರಿಗೂ ಹಾಕಿದ್ದು ಒಂದೇ ನೀರು. 2016ರಲ್ಲಿ ಭಾರತದ ಕಥೋಲಿಕ ಬಿಷಪರ ಸಮ್ಮೇಳನವೇ ದಲಿತರ ಕುರಿತ ನೀತಿ ಪತ್ರ ತಂದು, ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡಿತು. ಬಿಷಪರು ಹೇಳಿದ್ದನ್ನು ಗಿಟಾರಿನವನು ಹೇಳಿದರೆ ತಪ್ಪಾಗುವುದು ಯಾಕೋ ನನಗೆ ಗೊತ್ತಾಗುವುದಿಲ್ಲ.

ಪೂಜೆಯ ಹೊತ್ತಲ್ಲೇ ಇಂಥ ಹಾಡು ಹಾಡಬಹುದಾ?

ಬೇಡ. 1963ರ ವ್ಯಾಟಿಕನ್ ದಾಖಲೆ ಪೈಪ್ ಆರ್ಗನ್‌ಗೆ ಮೊದಲ ಮರ್ಯಾದೆ ಕೊಟ್ಟು, ಬೇರೆ ವಾದ್ಯಗಳನ್ನು ಅಧಿಕಾರ ಇರುವವರ ಒಪ್ಪಿಗೆಯಿಂದ, ಪೂಜೆಗೆ ಒಗ್ಗುವ ಹಾಗಿದ್ದರೆ ಬಳಸಬಹುದು ಎನ್ನುತ್ತದೆ. ವಾದ್ಯ ಒಪ್ಪಿದರೂ ಹಾಡು ಒಪ್ಪಬೇಕಲ್ಲ. ಪೂಜೆಯಲ್ಲಿ ಜನ ಪ್ರಾರ್ಥನೆಗೆ ಬಂದಿರುತ್ತಾರೆ. ಎದ್ದು ಉತ್ತರ ಕೊಡಲು ಆಗದವರ ಮುಂದೆ ನಿಂತು ಚುಚ್ಚುವುದು ಪುಕ್ಕಲುತನ. ಸಂಜೆ ಅಂಗಳದಲ್ಲಿ ಹಾಡಿ, ಬೇಡ ಅನ್ನುವವರು ಎದ್ದು ಹೋಗಲಿ.

ನೀವೇ ಫೆಸ್ತಿನಲ್ಲಿ ಹಾಡಿ ಮೈಕ್ ಕಟ್ ಮಾಡಿಸಿಕೊಂಡಿದ್ರಂತೆ, ಹೌದಾ?

ಹೌದು. ಚರ್ಚಿನ ಹೆಸರು ಬೇಡ. ಆ ವರ್ಷ ಹೊಸ ಬೆಂಚುಗಳು ಬಂದಿದ್ದವು. ಪ್ರತಿ ಬೆಂಚಿನ ಬೆನ್ನಿಗೆ ಅಂಗೈ ಅಗಲದ ಹಿತ್ತಾಳೆ ತಗಡು, ಅದರಲ್ಲಿ ಕೊಟ್ಟವರ ಹೆಸರು. ಚರ್ಚ್ ಗುಡಿಸುವ ಹೆಂಗಸು ಶನಿವಾರ ಆ ತಗಡುಗಳನ್ನು ಹುಣಸೆಹುಳಿ ಹಾಕಿ ತಿಕ್ಕಿ ಹೊಳಪು ಬರಿಸುತ್ತಿದ್ದರು. ಭಾನುವಾರ ಅವರೇ ಹಿಂದೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಯಾಕೆ ಕೂರುವುದಿಲ್ಲ ಅಂತ ಕೇಳಿದರೆ, ‘ಎಲ್ಲದರಲ್ಲೂ ಯಾರದ್ದಾದರೂ ಹೆಸರುಂಟಲ್ಲ ಮಗಾ’ ಅಂದರು.

ಬೆಂಚಿನ ಆ ಹೆಸರುಗಳ ಬಗ್ಗೆ, ಹಸಿದ ಹೊಟ್ಟೆಯ ಬಗ್ಗೆ ನಾವು ನಾಲ್ವರು ಸೇರಿ ಹಾಡು ಕಟ್ಟಿದೆವು. ಫೆಸ್ತಿನ ಸಂಜೆ ದಾನಿಗಳ ಪಟ್ಟಿ ಓದಿ ಮುಗಿಯುವಾಗ ಅನ್ನ ತಣ್ಣಗಾಗಿತ್ತು. ಆಮೇಲೆ ನಮ್ಮ ಸರದಿ. ಎರಡು ಚರಣ ಚೆನ್ನಾಗಿ ಹೋಯಿತು. ಮೂರನೆಯದು ಶುರು ಮಾಡುವಾಗ ಮೈಕ್ ಸತ್ತುಹೋಯಿತು. ಕಮಿಟಿಯವರು ಮಾಡಿಸಿದರು ಅಂತ ನಾವು ಖಚಿತ ಮಾಡಿಕೊಂಡೆವು. ಒಂದು ವಾರ ಊರಿಡೀ ಹುತಾತ್ಮರ ಹಾಗೆ ತಿರುಗಿದೆವು. ಸುಳ್ಳು ಯಾಕೆ ಹೇಳಲಿ, ಖುಷಿಯೂ ಆಗಿತ್ತು.

ಮುಂದಿನ ಭಾನುವಾರ ಮೈಕ್‌ನವನು ಸಿಕ್ಕಿದ. ‘ಕಮಿಟಿ ಅಲ್ಲ ಮಾರಾಯ್ರೆ, ವಯರ್ ತೆಗೆದದ್ದು ನಾನೇ’ ಅಂದ. ಹಿಂದಿನ ಕ್ರಿಸ್ಮಸ್‌ಗೆ ನಮ್ಮ ಬ್ಯಾಂಡಿಗೆ ಸೌಂಡ್ ಕೊಟ್ಟಿದ್ದ, 2,500 ರೂಪಾಯಿ ಬಾಕಿ ಇತ್ತು. ಮೂರು ಸಲ ಕೇಳಿದ್ದನಂತೆ. ‘ಹಸಿದ ಹೊಟ್ಟೆಯ ಹಾಡು ಚೆಂದ ಉಂಟು. ನನ್ನ ಹೊಟ್ಟೆ ಯಾವ ಚರಣದಲ್ಲಿ ಬರ್ತದೆ?’ ನಾನು ಏನೂ ಹೇಳಲಿಲ್ಲ. ಹೇಳಲು ಏನಿತ್ತು?

ಕನ್ನಡದಲ್ಲಿ ರಾಕ್ ಕೂರುತ್ತಾ? ಬಲವಂತ ಅನ್ಸುತ್ತೆ.

ಇಂಗ್ಲಿಷಿನ ಧಾಟಿ ಎತ್ತಿ ಕನ್ನಡ ಮಾತು ತುರುಕಿದರೆ ಖಂಡಿತ ಬಲವಂತ. ಇಂಗ್ಲಿಷ್ ಹಾಡು ಒತ್ತಿನ ಮೇಲೆ ನಡೆಯುತ್ತದೆ, ಕನ್ನಡ ಮಾತ್ರೆಯ ಮೇಲೆ. ನಮ್ಮ ಪದಗಳು ಸ್ವರದಲ್ಲಿ ಮುಗಿಯುವುದರಿಂದ ಸಾಲಿನ ಕೊನೆಗೆ ಇಂಗ್ಲಿಷಿನ ಹಾಗೆ ಥಟ್ಟನೆ ನಿಲ್ಲಲು ಬರುವುದಿಲ್ಲ, ಎಳೆಯುತ್ತದೆ. ಆ ಎಳೆತವನ್ನು ಗಿಟಾರಿಗೆ ಬಿಟ್ಟುಕೊಡಿ.

ನಮ್ಮ ಹಾಡಿನ ಪಲ್ಲವಿ ಹೀಗಿತ್ತು:

*ಹೆಸರು ಕಲ್ಲಲಿ ಕೆತ್ತಿ ಇಟ್ಟರು*
*ಹಸಿದ ಹೊಟ್ಟೆಯ ಹೆಸರು ಯಾವುದು*

ತಗಡು ಅಂತ ಹಾಕಿದರೆ ಬಾಯಿಗೆ ಕೂರಲಿಲ್ಲ, ಕಲ್ಲು ಮಾಡಿದೆವು. ಎಣಿಸಿ ನೋಡಿ: ಮೂರು, ನಾಲ್ಕು, ಮೂರು, ನಾಲ್ಕು. ಶಾಲೆಯಲ್ಲಿ ಕಲಿತ ಭಾಮಿನಿ ಷಟ್ಪದಿಯ ಸಾಲು. ಡ್ರಮ್ಮರ್‌ಗೆ ಹೇಳುವಾಗ ಏಳು ಎಣಿಕೆ ಅನ್ನಿ, ಅವನು ಕಣ್ಣರಳಿಸುತ್ತಾನೆ. ಏಳರ ಎಣಿಕೆಯಲ್ಲಿ ಹಾಡು ಕಟ್ಟಿದ್ದಕ್ಕೆ ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಬ್ಯಾಂಡಿನವರನ್ನು ಜಗತ್ತೇ ಹೊಗಳುತ್ತದೆ. ನಮ್ಮ ಅಜ್ಜಂದಿರು ಅದರಲ್ಲೇ ಗದುಗಿನ ಭಾರತ ಓದುತ್ತಿದ್ದರು. ನಿಘಂಟಿನ ಕಿಟೆಲ್ 1862ರಲ್ಲೇ ಯೇಸುವಿನ ಕತೆಯನ್ನು ‘ಕಥಾಮಾಲೆ’ ಅಂತ ನಮ್ಮ ಛಂದಸ್ಸಿನಲ್ಲಿ ಬರೆದರು. ಜರ್ಮನಿಯವನಿಗೆ ಹೊಳೆದದ್ದು ನಮಗೆ ಹೊಳೆಯಲು ಇಷ್ಟು ತಡ ಆಗಬಾರದಿತ್ತು.

## ಇನ್ನೂ ಸ್ವಲ್ಪ ಒಳಗೆ

ಬೇರೆಯವರ ಕಪಟ ಹಾಡಿದವರೇ ಕಪಟಿಗಳಾದ್ರೆ?

ಆಗಿದ್ದಾರೆ. ಆಸ್ ಐ ಲೇ ಡೈಯಿಂಗ್ ಅಂತ ಕ್ರಿಶ್ಚಿಯನ್ ಮೆಟಲ್ ಬ್ಯಾಂಡ್ ಇತ್ತು. ಹೆಂಡತಿಯನ್ನು ಕೊಲ್ಲಿಸಲು ದುಡ್ಡು ಕೊಡಲು ಹೋದ ಕೇಸಿನಲ್ಲಿ ಅದರ ಗಾಯಕ 2014ರಲ್ಲಿ ತಪ್ಪೊಪ್ಪಿ ಆರು ವರ್ಷದ ಶಿಕ್ಷೆ ಪಡೆದ. ನಂಬಿಕೆ ಹೋಗಿ ಎಷ್ಟೋ ಕಾಲದ ಮೇಲೂ ಕ್ರಿಶ್ಚಿಯನ್ ಬ್ಯಾಂಡ್ ಅಂತಲೇ ಮಾರಾಟ ಆಗುತ್ತಿದ್ದೆವು ಅಂತ ಅವನೇ ಹೇಳಿದ.

ಇದರಲ್ಲಿ ಮಾರುಕಟ್ಟೆಯ ಪಾಲೂ ಇದೆ. ಕೀತ್ ಗ್ರೀನ್ ಮೊದಲು ಹಾಡಿದ ಸ್ಪ್ಯಾರೋ ಕಂಪನಿಯನ್ನು 1992ರಲ್ಲಿ ಇಎಂಐ ಅನ್ನುವ ದೊಡ್ಡ ಸಂಗೀತ ಕಂಪನಿ ಕೊಂಡಿತು. ಆಮೇಲೆ ಲೆಕ್ಕ ಸುಲಭ. ಅಂಗಡಿಯಲ್ಲಿ ಕೊಳ್ಳುವವರು ಚರ್ಚಿನವರು, ಚರ್ಚನ್ನು ಚುಚ್ಚಿದರೆ ಯಾರು ಕೊಳ್ಳುತ್ತಾರೆ? ಕ್ರೈಸ್ತ ಗಾಯಕ ಡೆರೆಕ್ ವೆಬ್ 2009ರಲ್ಲಿ ಒಂದು ಹಾಡು ಬರೆದರು. ಸಲಿಂಗಿಗಳನ್ನು ಬೈಯುವುದರಲ್ಲಿ ತೋರುವ ಉತ್ಸಾಹವನ್ನು ಸಾಯುತ್ತಿರುವ ಬಡವರ ಬಗ್ಗೆ ಕ್ರೈಸ್ತರು ತೋರುವುದಿಲ್ಲ ಅಂತ. ಅದರಲ್ಲಿದ್ದ ಒಂದು ಒರಟು ಪದಕ್ಕೆ ದೊಡ್ಡ ರಂಪ ಆಯಿತು, ಕಂಪನಿ ಬಿಡುಗಡೆ ಮಾಡಿದ ಆಲ್ಬಮ್‌ನಿಂದ ಹಾಡು ಹೊರಗುಳಿಯಿತು. ಹಾಡು ಹೇಳಿದ್ದು ಅದನ್ನೇ ಅಲ್ವಾ?

ವಿಡಂಬನೆಗೂ ನಿಂದೆಗೂ ಗೆರೆ ಎಲ್ಲಿ ಎಳೀತೀರಿ?

ಸರ್ವನಾಮದಲ್ಲಿ. ‘ಅವರು’ ಅಂತ ಇದ್ದರೆ ನನಗೆ ಅನುಮಾನ ಶುರುವಾಗುತ್ತದೆ. ‘ನಾವು’ ಅಂತ ಇದ್ದರೆ ಕಿವಿ ಕೊಡುತ್ತೇನೆ.

ಆದರೆ ಇಲ್ಲೊಂದು ಗಡಿನಾಡಿನ ತೊಡಕು ಇದೆ. ತುಳುವಿನಲ್ಲಿ ‘ನಾವು’ ಎರಡು. ‘ನಮ’ ಅಂದರೆ ಕೇಳುವವನೂ ಸೇರಿ. ‘ಎಂಕುಳು’ ಅಂದರೆ ನಿನ್ನನ್ನು ಬಿಟ್ಟು ನಾವು. ಮಲಯಾಳದಲ್ಲೂ ‘ನಮ್ಮಳ್’ ಬೇರೆ, ‘ಞಙ್ಙಳ್’ ಬೇರೆ. ಬರೆವ ಕನ್ನಡದಲ್ಲಿ ಒಂದೇ ‘ನಾವು’. ಹಾಡುಗಾರ ‘ನಾವು ಕಪಟಿಗಳು’ ಅಂದಾಗ ಕೇಳುವವನು ತಪ್ಪಿಸಿಕೊಳ್ಳಬಹುದು, ಹಾಡುಗಾರನೂ ಒಳಗೊಳಗೇ ತಪ್ಪಿಸಿಕೊಳ್ಳಬಹುದು. ತುಳುವಿನಲ್ಲಿ ಆ ಸಂದು ಇಲ್ಲ. ಅದಕ್ಕೇ ನಮ್ಮ ಹಾಡಿನಲ್ಲಿ ಆ ಒಂದು ಪದವನ್ನು ತುಳುವಿನಲ್ಲೇ ಇಟ್ಟು ನೋಡಿದ್ದೇವೆ. ಕನ್ನಡ ಪಂಡಿತರೊಬ್ಬರಿಗೆ ಹಿಡಿಸಲಿಲ್ಲ. ನನಗೆ ಹಿಡಿಸಿದೆ.

ಆ ಹಾಡು ಈಗ ಎಲ್ಲಿ ಕೇಳೋಕೆ ಸಿಗುತ್ತೆ?

ರೆಕಾರ್ಡ್ ಮಾಡಿಲ್ಲ. ಆದರೆ ನಾಲ್ಕನೇ ಚರಣ ಸೇರಿದೆ:

*ನಾನು ಹಾಡಿದೆ, ಮೈಕು ಅವನದು*
*ಬಾಕಿ ದುಡ್ಡಿನ ಮಾತು ಮರೆತೆನು*

ಕಳೆದ ಫೆಸ್ತಿನಲ್ಲಿ ನಾಲ್ಕೂ ಚರಣ ಪೂರ್ತಿ ಹಾಡಿದೆವು. ಸೌಂಡ್ ಅವನದ್ದೇ. ತಗಡು ಇನ್ನೂ ಬೆಂಚಿನಲ್ಲೇ ಇದೆ. ಈ ಸಲ ಅವನು ಅಡ್ವಾನ್ಸ್ ಕೈಗೆ ಬಂದ ಮೇಲೆಯೇ ಬಾಕ್ಸ್ ಇಳಿಸಿದ.